ಲಾಭ, ಎರಡು, ಮೂರು: ದೊಡ್ಡಪ್ಪ ನಡೆದ ದಾರಿಯಲ್ಲಿ ದಾವಣಗೆರೆಯಿಂದ ದುರ್ಗಕ್ಕೆ

ದೊಡ್ಡಪ್ಪ ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡು ಈ ಕಾರ್ತಿಕಕ್ಕೆ ವರ್ಷ ತುಂಬಿತು. ಪುಣ್ಯಸ್ಮರಣೆಗೆ ಬಂದವರೆಲ್ಲ ದೊಡ್ಡವ್ವನಿಗೆ ಒಂದೇ ಸಮಾಧಾನ ಹೇಳಿ ಹೋದರು: ಕಡೆಗಾಲದ್ದು ಮರೆತುಬಿಡಿ, ಅವರು ಗಟ್ಟಿಮುಟ್ಟಾಗಿದ್ದ ದಿನಗಳನ್ನು ನೆನೆಸಿಕೊಳ್ಳಿ. ದೊಡ್ಡವ್ವ ಒಪ್ಪಲಿಲ್ಲ. "ಹನ್ನೊಂದು ವರ್ಷ ಆ ಕಾಯಿಲೆ ಜತೀಗೆ ಬಾಳಿದ್ರು. ಅದನ್ನ ಹರಿದು ಒಗೆದ್ರೆ ಮನುಷ್ಯನ್ನೇ ಅರ್ಧ ಒಗೆದಂಗೆ. ಕಾಯಿಲೆ ಬಂದ್ಮೇಲೆ ಎಲ್ಲೆಲ್ಲಿ ನಡೆದಾಡಿದ್ರೋ ಆ ಜಾಗ ನೋಡ್ಕೊಂಡು ಬರಾಣ ನಡೀರಿ" ಅಂದರು. ಹಾಗಾಗಿ ದೊಡ್ಡವ್ವ, ಅವರ ಮಗ, ನಾನು ನವೆಂಬರ್ ಕೊನೆಯ ವಾರ ಹೊರಟೆವು.

ಮೊದಲ ದಿನ: ದಾವಣಗೆರೆ

ರೈಲಿಳಿದಾಗ ಬೆಳಗಿನ ಚಳಿ ಬಿಟ್ಟಿರಲಿಲ್ಲ. ಈ ಕಾಯಿಲೆಯವರಿಗೆ ಚಳಿಗಾಲದ ಬೆಳಗು ಕಷ್ಟ. ರಾತ್ರಿಯ ಮಾತ್ರೆಯ ಬಲ ಇಳಿದಿರುತ್ತದೆ, ಸ್ನಾಯುಗಳು ಬಿಗಿದಿರುತ್ತವೆ, ಹೊದಿಕೆಯೊಳಗೆ ಮಗ್ಗಲು ಬದಲಿಸಲೂ ಆಗುವುದಿಲ್ಲ. ದೊಡ್ಡವ್ವ ಹಾಸಿಗೆ ಪಕ್ಕದಲ್ಲೇ ನೀರು, ಮಾತ್ರೆ ಇಟ್ಟುಕೊಂಡು ಆರಕ್ಕೆ ಕೊಟ್ಟು, ಆರೂಮುಕ್ಕಾಲಿಗೆ ಎಬ್ಬಿಸುತ್ತಿದ್ದರು. ಮಾತ್ರೆ ಹಿಡಿಯುವ ಮೊದಲೇ ಎಬ್ಬಿಸಿದರೆ ಇಬ್ಬರಿಗೂ ಹಿಂಸೆ.

ಮೊದಲು ಬೆಣ್ಣೆ ದೋಸೆ. ಸೌದೆ ಒಲೆ ಮೇಲಿನ ದಪ್ಪ ಹಂಚು, ಅಕ್ಕಿ ಉದ್ದಿನ ಜತೆ ನೆನೆಸಿದ ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಹುಯ್ದ ಮೇಲೊಂದು ಮುದ್ದೆ ಬೆಣ್ಣೆ, ತಿರುವಿ ಹಾಕಿದ ಮೇಲೆ ಇನ್ನೊಂದು. ಪಕ್ಕಕ್ಕೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳನೆ ಕಾಯಿ ಚಟ್ನಿ. ದೊಡ್ಡಪ್ಪ ನಡುಗುವ ಕೈಯಲ್ಲೇ ಇದನ್ನು ಎಷ್ಟೋ ವರ್ಷ ತಿಂದರು. ಅದಕ್ಕೊಂದು ಲೆಕ್ಕಾಚಾರವಿತ್ತು. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುವ ಬಾಗಿಲೂ, ಬೇಳೆ, ಹಾಲು, ಶೇಂಗಾದ ಪ್ರೋಟೀನು ಸೇರುವ ಬಾಗಿಲೂ ಒಂದೇ. ಎರಡೂ ಒಟ್ಟಿಗೆ ಹೋದರೆ ಮಾತ್ರೆ ಹೊರಗೇ ಕಾಯಬೇಕು. ಬೆಣ್ಣೆಯಂಥ ಜಿಡ್ಡು ಹೊಟ್ಟೆಯಿಂದ ಕರುಳಿಗೆ ಎಲ್ಲವನ್ನೂ ನಿಧಾನವಾಗಿ ಇಳಿಸುತ್ತದೆ. ಅದಕ್ಕೇ ತಿನ್ನುವ ಅರ್ಧ ಗಂಟೆ ಮುಂಚೆ, ಇಲ್ಲದಿದ್ದರೆ ತಿಂದು ಒಂದು ಗಂಟೆಯ ಮೇಲೆ ಮಾತ್ರೆ. ದೊಡ್ಡವ್ವ ಹೋಟೆಲಿನ ಮೆಟ್ಟಿಲಲ್ಲಿ ಮಾತ್ರೆ ನುಂಗಿಸಿ, ಬೆಂಚಿನ ಮೇಲೆ ಕೂರಿಸಿ, ಗಡಿಯಾರ ನೋಡಿಯೇ ದೋಸೆ ಹೇಳುತ್ತಿದ್ದರಂತೆ. ಹಂಚಿನ ಮುಂದಿದ್ದವರು ಗುರುತು ಹಿಡಿದು "ಯಜಮಾನ್ರು ಬರ್ಲಿಲ್ವಾ ಅಮ್ಮಾ?" ಅಂದರು. ವಿಷಯ ತಿಳಿದು ಸ್ವಲ್ಪ ಹೊತ್ತು ಸೌಟು ಕೆಳಗಿಟ್ಟರು. ಆಮೇಲೆ, "ಅವರಿಗೆ ದೋಸೆ ಹೆಚ್ಚಿ ಕೊಡ್ತಿದ್ದೆ" ಅಂದರು. ಕತ್ತರಿಯಿಂದ ಬೆರಳಗಲ ತುಂಡು ಮಾಡಿ ಕೊಡುತ್ತಿದ್ದರಂತೆ. ಎರಡು ಕೈ ಸೇರಿಸಿ ಮುರಿಯುವ ಕೆಲಸ ಬೆರಳಿಗೆ ಒಗ್ಗದಾದಾಗ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ದೊಡ್ಡಪ್ಪ ಗುಮಾಸ್ತರಾಗಿದ್ದರು. ಈಗಿನ ಯಜಮಾನರು ಅಟ್ಟದಿಂದ ಹಳೆ ಕಿರ್ದಿ ಪುಸ್ತಕಗಳನ್ನು ಇಳಿಸಿ, ಧೂಳು ಒರೆಸಿ ಮುಂದಿಟ್ಟರು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಪುಟಗಳು. ಮೊದಲ ಪುಸ್ತಕಗಳಲ್ಲಿ ಅಕ್ಷರ ಗೆರೆಯಿಂದ ಗೆರೆಗೆ ತುಂಬಿಕೊಂಡಿವೆ. ನಂತರದವುಗಳಲ್ಲಿ ಪ್ರತಿ ಸಾಲೂ ಎಡಗಡೆ ಸರಿಯಾಗಿ ಶುರುವಾಗಿ, ಬಲಕ್ಕೆ ಹೋಗುತ್ತ ಕುಗ್ಗಿ, ಕೊನೆಯ ಅಂಕಿಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿದೆ. ಮುಂದಿನ ಸಾಲು ಮತ್ತೆ ದೊಡ್ಡದಾಗಿ ಶುರು. ಕೈ ನಡುಗುವ ಮೊದಲೇ ಬಂದ ಬದಲಾವಣೆ ಇದು. ಮನೆಯಲ್ಲಿ ಎಲ್ಲರೂ ಕನ್ನಡಕದ ನಂಬರ್ ಬದಲಾಗಿದೆ ಅಂದುಕೊಂಡಿದ್ದರು. ಅದೇ ಹೊತ್ತಿಗೆ ಗೋದಾಮಿನಲ್ಲಿ ಕೊಳೆತ ಈರುಳ್ಳಿಯ ವಾಸನೆ ಅವರಿಗೆ ತಿಳಿಯುತ್ತಿರಲಿಲ್ಲ ಎಂದು ಯಜಮಾನರು ನೆನಪಿಸಿಕೊಂಡರು. ವಾಸನೆ ಹೋಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗುತ್ತ ಕೈಕಾಲು ಬಡಿಯುವುದು, ಇವು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಬರಬಹುದು. ನಡುಮಿದುಳಿನಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಕಪ್ಪು ಬಣ್ಣದ ಜೀವಕೋಶಗಳ ದೊಡ್ಡ ಪಾಲು ಸತ್ತ ಮೇಲೆಯೇ ಕೈಕಾಲಿನಲ್ಲಿ ಕಾಯಿಲೆ ಕಾಣುವುದು.

ಅಕ್ಷರ ಕುಗ್ಗುವವರಿಗೆ ದಪ್ಪ ಗೆರೆಯ ಹಾಳೆ ಕೊಟ್ಟು, "ಎರಡೂ ಗೆರೆ ಮುಟ್ಟಿಸಿ ಬರೀರಿ" ಅಂದರೆ ಅಕ್ಷರ ಮತ್ತೆ ಬೆಳೆಯುತ್ತದೆ. ಗಮನ ಬೇರೆಡೆ ಹೋದರೆ ಮತ್ತೆ ಕುಗ್ಗುತ್ತದೆ. ಬ್ಯಾಂಕಿನ ವಿಷಯದಲ್ಲಂತೂ ತಡಮಾಡಬಾರದು. ಸಹಿ ಹೊಂದುತ್ತಿಲ್ಲ ಎಂದು ಚೆಕ್ ವಾಪಸು ಬರುವ ತನಕ ಕಾಯದೆ, ಕೈ ಇನ್ನೂ ಆಡುತ್ತಿರುವಾಗಲೇ ಹೊಸ ಸಹಿ ಕೊಟ್ಟು, ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಸಿಟ್ಟುಕೊಳ್ಳಬೇಕು.

ಸಂಜೆ ನರ್ಗಿಸ್ ಮಂಡಕ್ಕಿ, ಬಿಸಿ ಮೆಣಸಿನಕಾಯಿ. ದೊಡ್ಡವ್ವ ಒಂದು ಹಿಡಿ ತಗೊಂಡು, "ಇದೊಂದನ್ನ ಬಿಡಿಸೋಕೆ ಭಾಳ ಬೇಜಾರಾತು ನನಗೆ" ಅಂದರು. ಗಂಟಲಿನ ಸ್ನಾಯು ಸೋತವರಿಗೆ ಒಣಗಿ ಚದುರುವ ಮಂಡಕ್ಕಿ ಅಪಾಯ. ಬಾಯಲ್ಲಿ ಒಂದು ಕಡೆ ಗುಡ್ಡೆಯಾಗದೆ, ಒಂದೆರಡು ಕಾಳು ಹಿಂದೆ ಜಾರಿ ಉಸಿರಿನ ದಾರಿಗಿಳಿಯುತ್ತದೆ. ಆಮೇಲಾಮೇಲೆ ನೀರೂ ಹಾಗೇ ಆಯಿತು. ನೀರಿಗಿಂತ ಗಂಜಿ ಸಲೀಸು, ಏಕೆಂದರೆ ಅದು ನಿಧಾನ ಹರಿಯುತ್ತದೆ.

ಎರಡನೇ ದಿನ: ಸಂತೇಬೆನ್ನೂರು

ಬಾಡಿಗೆ ಕಾರು. ಮುಂದಿನ ಸೀಟಿನ ಮೇಲೆ ಅಣ್ಣ ಅಭ್ಯಾಸಬಲದಿಂದ ಪ್ಲಾಸ್ಟಿಕ್ ಚೀಲ ಹಾಸಿದ. ದೊಡ್ಡಪ್ಪನನ್ನು ಕೂರಿಸುವಾಗ ಮಾಡುತ್ತಿದ್ದ ಉಪಾಯ ಅದು: ಮೊದಲು ಬೆನ್ನು ಕೊಟ್ಟು ಸೀಟಿನ ಅಂಚಿಗೆ ಕೂರಬೇಕು, ತಲೆ ಬಗ್ಗಿಸಬೇಕು, ಆಮೇಲೆ ಎರಡೂ ಕಾಲು ಜೋಡಿಸಿ ಒಳಕ್ಕೆ ತಿರುಗಬೇಕು. ಚೀಲದ ಮೇಲೆ ಮೈ ಜಾರಿ ತಿರುಗುತ್ತದೆ. ತಿರುಗಿದ ಮೇಲೆ ಚೀಲ ಎಳೆದುಬಿಡಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಮನುಷ್ಯ ಮುಂದಕ್ಕೆ ಜಾರುತ್ತಾನೆ.

ಚನ್ನಗಿರಿ ರಸ್ತೆಯ ಉದ್ದಕ್ಕೂ ಭದ್ರಾ ನಾಲೆಯ ನೀರುಂಡ ಭತ್ತ, ಅಡಿಕೆ ತೋಟ. ಕೆಲವು ಕಡೆ ಅರ್ಧ ರಸ್ತೆ ಮೆಕ್ಕೆಜೋಳದ ಒಣಗುಹಾಸು. ರಾಶಿಗೆ ಅಡ್ಡವಿಟ್ಟಿದ್ದ ಕಲ್ಲು ತಪ್ಪಿಸಲು ಹೋಗಿ ಟೈರು ಅಂಚಿನ ಜಲ್ಲಿಗೆ ಇಳಿದು ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕುವ ತನಕ ದೊಡ್ಡವ್ವ ರಾಶಿಯ ಪಕ್ಕ ಕೂತು ಜೋಳ ಕೆದರುತ್ತಿದ್ದ ಹೆಂಗಸಿನ ಜತೆ ಮಾತಿಗೆ ಇಳಿದರು. ಆಕೆ ಮೊರದಿಂದ ಅಳೆಯುತ್ತ, ಒಂದಕ್ಕೆ ಲಾಭ ಅನ್ನುವ ವಾಡಿಕೆಯಂತೆ, "ಲಾಭ... ಎರಡು... ಮೂರು..." ಎಂದು ಎಣಿಸುತ್ತಿದ್ದಳು. ದೊಡ್ಡವ್ವ ಅಲ್ಲೇ ಕಣ್ಣೊರೆಸಿಕೊಂಡರು. ದೊಡ್ಡಪ್ಪನ ಕಾಲು ನೆಲಕ್ಕೆ ಅಂಟಿಕೊಂಡಾಗ ಕೀಳಿಸುತ್ತಿದ್ದುದು ಈ ಎಣಿಕೆಯೇ. ಮಂಡಿಯಲ್ಲಿ ಜೀವಮಾನವಿಡೀ ಮೂಟೆ ಎಣಿಸಿದ ಲಯ ಅವರ ಕಿವಿಗೆ ಗಟ್ಟಿಯಾಗಿ ಕೂತಿತ್ತು. ಪಕ್ಕದಲ್ಲಿ ನಿಂತು ಸಮನಾದ ಅಂತರದಲ್ಲಿ "ಲಾಭ, ಎರಡು, ಮೂರು" ಅಂದರೆ ಹೆಜ್ಜೆ ಅದರ ಜತೆ ಬರುತ್ತಿತ್ತು. ಎಣಿಕೆ ಅವಸರವಾದರೆ ಹೆಜ್ಜೆ ಸಣ್ಣದಾಗಿ, ಮೈ ಮುಂದಕ್ಕೆ ಬಾಗಿ, ಓಡುವಂತಾಗಿ ಬೀಳುವ ಅಪಾಯ. ಎಣಿಸುವವರು ನಿಧಾನ ಕಲಿಯಬೇಕು.

ಸಂತೇಬೆನ್ನೂರಿನ ಪುಷ್ಕರಿಣಿ 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುವೆ ಅಂತಸ್ತಿನ ವಸಂತ ಮಂಟಪ, ಪಕ್ಕದಲ್ಲಿ ಮುಸಾಫಿರ್‌ಖಾನೆ, ಸುತ್ತ ನೀರಿನ ತನಕ ಇಳಿಯುವ ಕಲ್ಲಿನ ಮೆಟ್ಟಿಲು. ಬಿಸಿಲು ಏರುವ ಮುಂಚೆ ಹೋದರೆ ಮಂಟಪದ ನೆರಳು ಹಸಿರು ನೀರಲ್ಲಿ ಪೂರ್ತಿ ಕಾಣುತ್ತದೆ. ದೊಡ್ಡಪ್ಪ ಇಲ್ಲಿ ಮೇಲಿನ ಮೆಟ್ಟಿಲಲ್ಲೇ ಕೂತಿದ್ದರು. ಇಳಿಯಲು ದೊಡ್ಡವ್ವ ಬಿಟ್ಟಿರಲಿಲ್ಲ, ಅದು ಸರಿ. ಈ ಕಾಯಿಲೆಯಲ್ಲಿ ಏರುವುದೇ ಬೇರೆ, ಇಳಿಯುವುದೇ ಬೇರೆ. ಮುಂಡ ಮುಂದಕ್ಕೆ ಬಾಗಿರುವುದರಿಂದ ಏರುವಾಗ ಭಾರ ಮೆಟ್ಟಿಲ ಕಡೆಗೇ ಇರುತ್ತದೆ. ಇಳಿಯುವಾಗ ಅದೇ ಭಾರ ಗಾಳಿಗೆ ಬೀಳುತ್ತದೆ. ಹಿಡಿಕೆ ಇಲ್ಲದ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಆ ಸಾಹಸ ಬೇಡ.

ಮಧ್ಯಾಹ್ನ ಸೂಳೆಕೆರೆ ಏರಿಯ ಮೇಲೆ ಗಾಳಿ ಕುಡಿದು ವಾಪಸಾದೆವು.

ಮೂರನೇ ದಿನ: ಚಿತ್ರದುರ್ಗದ ಕೋಟೆ

ಹೆದ್ದಾರಿಯಲ್ಲಿ ಆನಗೋಡು, ಭರಮಸಾಗರ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ನೀರಾವರಿ ಹಸಿರು ಹಿಂದುಳಿದು, ಬಂಡೆ ಗುಡ್ಡ, ಅವುಗಳ ನೆತ್ತಿಯಲ್ಲಿ ಗಾಳಿಯಂತ್ರ. ಸುಮಾರು 60 ಕಿಲೋಮೀಟರ್ ದಾರಿ. ಕೋಟೆಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು, ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಕೈಯಲ್ಲಿ ತಿಂಡಿ ಹಿಡಿಯಬಾರದು. ಅಣ್ಣನ ಕೈಯಿಂದ ಕೋತಿಯೊಂದು ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಬತೇರಿ ಮೇಲೆ ಕೂತು, ನಮ್ಮನ್ನೇ ನೋಡುತ್ತ ಸುಲಿದು ತಿಂದಿತು.

ಕಾಯಿಲೆ ಗೊತ್ತಾದ ಐದನೇ ವರ್ಷ ದೊಡ್ಡಪ್ಪ ಇಲ್ಲಿಗೆ ಬರಬೇಕೆಂದು ಹಟ ಹಿಡಿದಿದ್ದರು. ಮನೆಯ ಪಡಸಾಲೆಯಲ್ಲಿ, ನುಣುಪು ಟೈಲ್ಸ್ ಮೇಲೆ ಹತ್ತು ಅಡಿ ನಡೆಯಲು ನಾಲ್ಕು ಸಲ ನಿಲ್ಲುತ್ತಿದ್ದವರು ಏಳುಸುತ್ತಿನ ಕೋಟೆ ಹತ್ತುತ್ತೇನೆ ಅಂದರೆ ಯಾರು ನಂಬಬೇಕು? ಅವರಿಗೆ ಫಿಜಿಯೋಥೆರಪಿ ಮಾಡಿಸುತ್ತಿದ್ದವರು ಮಾತ್ರ, "ಮೆಟ್ಟಿಲಾದರೆ ಹತ್ತಬಹುದು, ಕರಕೊಂಡು ಹೋಗಿ" ಅಂದರಂತೆ.

ಆದದ್ದೂ ಹಾಗೆಯೇ. ಹೆಬ್ಬಾಗಿಲಿನ ಕಲ್ಲು ಚೌಕಟ್ಟಿನ ಮುಂದೆ ದೊಡ್ಡಪ್ಪ ಗಕ್ಕನೆ ನಿಂತುಬಿಟ್ಟರು. ಬಾಗಿಲು, ಇಕ್ಕಟ್ಟು, ತಿರುವು: ಕಾಲು ಅಂಟುವುದು ಹೆಚ್ಚಾಗಿ ಇಲ್ಲೇ. ದುರ್ಗದ ಕೋಟೆಯ ದಾರಿಯೋ ಶತ್ರು ನೇರವಾಗಿ ನುಗ್ಗಬಾರದೆಂದೇ ಬಾಗಿಲಿಂದ ಬಾಗಿಲಿಗೆ ಹಾವಿನಂತೆ ತಿರುಗಿಸಿ ಕಟ್ಟಿದ್ದು. ಅಂಥ ಜಾಗದಲ್ಲಿ ಹಿಂದಿನಿಂದ ತಳ್ಳಬಾರದು, ಮುಂದಿನಿಂದ ಕೈ ಎಳೆಯಲೂಬಾರದು. ಮೈ ಬರುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಮನುಷ್ಯ ಬೀಳುತ್ತಾನೆ. ದೊಡ್ಡವ್ವ ಆಗ ಮಾಡಿದ್ದನ್ನು ಅದೇ ಬಾಗಿಲಲ್ಲಿ ನಿಂತು ತೋರಿಸಿದರು. ಮೊದಲು ಪೂರ್ತಿ ನಿಲ್ಲಿಸು. ಒಂದು ಉಸಿರು. ಭಾರವನ್ನು ಎಡಕ್ಕೆ, ಬಲಕ್ಕೆ, ಎಡಕ್ಕೆ ತೂಗಿಸು. ಹಗುರಾದ ಕಾಲಿನ ಮುಂದೆ ನಿನ್ನ ಪಾದ ಅಡ್ಡ ಇಡು. "ಇದನ್ನ ದಾಟ್ರಿ" ಅನ್ನು. "ನಡೀರಿ" ಅಂದರೆ ಬಾರದ ಕಾಲು "ದಾಟ್ರಿ" ಅಂದರೆ ಎದ್ದು ಬರುತ್ತಿತ್ತು. ತಿರುವಿನಲ್ಲಿ ನಿಂತಲ್ಲೇ ಗಿರಕಿ ಹೊಡೆಯದೆ, ಎತ್ತಿನ ಗಾಡಿ ತಿರುಗಿಸಿದ ಹಾಗೆ ಅಗಲವಾಗಿ ಸುತ್ತಿಬರಬೇಕು.

ಬಾಗಿಲು ದಾಟಿ ಮೆಟ್ಟಿಲು ಸಿಕ್ಕಿತು ನೋಡಿ, ದೊಡ್ಡಪ್ಪ ಹತ್ತಿದರು. ಒಂದು, ಮತ್ತೊಂದು, ನಿಲ್ಲದೆ. ಮನೆಯಲ್ಲಿ ಮರೆತುಹೋದ ಹೆಜ್ಜೆಯ ಉದ್ದ ಇಲ್ಲಿ ವಾಪಸು ಬಂತು. ಸಮತಟ್ಟು ನೆಲದಲ್ಲಿ ನಡೆಯುವಾಗ ಪ್ರತಿ ಹೆಜ್ಜೆಗೂ ಮಿದುಳಿನ ಒಳಗಿನಿಂದಲೇ ತಾಳ ಬರಬೇಕು. ಡೋಪಮೈನ್ ಇಲ್ಲದೆ ಕೆಡುವುದು ಆ ತಾಳವೇ. ಮೆಟ್ಟಿಲಿನ ಅಂಚು ಕಣ್ಣಿಗೆ ಕಂಡಾಗ, "ಇಲ್ಲಿಡು" ಎಂಬ ಗುರುತು ಹೊರಗಿನಿಂದ ಸಿಗುತ್ತದೆ, ಮಿದುಳು ಬೇರೆ ದಾರಿಯಿಂದ ಕಾಲಿಗೆ ಅಪ್ಪಣೆ ಕಳಿಸುತ್ತದೆ. ಮದ್ದು ಬೀಸುವ ಕಲ್ಲುಗಳನ್ನು ನೋಡಿ, ಏಕನಾಥೇಶ್ವರಿ ಗುಡಿಯ ತನಕ ಹೋದರು. ಅಲ್ಲಿ ಕೂತು 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು, ಮದಕರಿ ನಾಯಕ, ಓಬವ್ವ, ಎಲ್ಲವನ್ನೂ ಹೇಳಿದರಂತೆ. ಮಂಡಿಯಲ್ಲಿ ಧಾರಣೆ ಕೂಗುತ್ತಿದ್ದ ದನಿ ಆಗಲೇ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. ಅಣ್ಣ ಬಾಯಿ ಹತ್ತಿರ ಕಿವಿ ಇಟ್ಟು ಕೇಳಿಸಿಕೊಂಡು ಉಳಿದವರಿಗೆ ಹೇಳಿದ. ಈ ಸಲ ಅದೇ ಕಟ್ಟೆ ಮೇಲೆ ಕೂತು ಅಣ್ಣ ಆ ಕಥೆಯನ್ನು ಗಟ್ಟಿಯಾಗಿ ಹೇಳಿದ, ದೊಡ್ಡವ್ವ ನಡುನಡುವೆ ತಿದ್ದಿದರು.

ಇದು ಪವಾಡ ಅಲ್ಲ ಎಂಬುದನ್ನೂ ಬರೆಯಬೇಕು. ಸಮತೋಲನ ಉಳಿದಿರುವ ಹಂತದಲ್ಲಿ ಮಾತ್ರ ಇದು ನಡೆಯುತ್ತದೆ, ಎಲ್ಲರಿಗೂ ನಡೆಯುವುದಿಲ್ಲ. ಬರುವುದಿದ್ದರೆ ಮಾತ್ರೆ ತಗೊಂಡು ಮುಕ್ಕಾಲು ಗಂಟೆಯ ಮೇಲೆ ಹತ್ತಲು ಶುರುಮಾಡಿ, ಅದರ ಬಲ ಇಳಿಯುವ ಮೊದಲೇ ಕೆಳಗಿರಬೇಕು. ಜತೆಗಿರುವವರು ಏರುವಾಗಲೂ ಇಳಿಯುವಾಗಲೂ ಒಂದು ಮೆಟ್ಟಿಲು ಕೆಳಗಿರಬೇಕು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಬೇಕು. ಕೂತು ಏಳುವಾಗ ರಕ್ತದೊತ್ತಡ ತಟ್ಟನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ನೀರು ಕುಡಿಸಿ, ಪಾದ ಹತ್ತಿಪ್ಪತ್ತು ಸಲ ಆಡಿಸಿದ ಮೇಲೆ ಎಬ್ಬಿಸಬೇಕು.

ಆ ದಿನ ಮನೆಗೆ ಹೋದವರೇ ಅಣ್ಣ ಮತ್ತು ದೊಡ್ಡವ್ವ ಪಡಸಾಲೆಗೆ ಬಣ್ಣದ ಟೇಪ್ ಅಂಟಿಸಿದ್ದರು. ನಡೆಯುವ ದಾರಿಗೆ ಅಡ್ಡಲಾಗಿ, ಒಂದೂವರೆ ಅಡಿಗೊಂದು ಪಟ್ಟಿ, ಬಾಗಿಲ ಹೊಸ್ತಿಲ ಮುಂದೆ ಮೂರು. ಉದ್ದುದ್ದ ಅಂಟಿಸಿದರೆ ಉಪಯೋಗವಿಲ್ಲ. ಬಿಳಿ ಟೈಲ್ಸ್‌ಗೆ ಕಪ್ಪು ಇಲ್ಲವೇ ಕೆಂಪು ಟೇಪ್, ಎದ್ದು ಕಾಣಬೇಕು. ಅಂಚು ಕಿತ್ತುಬಂದರೆ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ಅದೇ ಎಡವಿಸುತ್ತದೆ. ಆ ಪಟ್ಟಿಗಳ ಮೇಲೆ ದೊಡ್ಡಪ್ಪ ಇನ್ನೂ ಮೂರು ವರ್ಷ ತಾವಾಗಿ ಬಚ್ಚಲಮನೆಗೆ ಹೋಗಿ ಬಂದರು. ಆ ಮೂರು ವರ್ಷವನ್ನು ಮರೆಯಿರಿ ಎಂದು ಹೇಳುವವರಿಗೆ ಅದರ ಬೆಲೆ ಗೊತ್ತಿಲ್ಲ.

ರಾತ್ರಿ ಊಟಕ್ಕೆ ಮುದ್ದೆ, ಕಾಳು ಸಾರು. ದೊಡ್ಡವ್ವ ಕಡೆಯ ವರ್ಷದ ಬಗ್ಗೆ ಮಾತಾಡಿದ್ದು ಆಗ. ನೇರ ಕೂರಿಸಿ, ಗದ್ದ ಎದೆ ಕಡೆ ಇಳಿಸಿ, ಚಿಕ್ಕ ಚಮಚದಲ್ಲಿ ಗಂಜಿ. ಒಂದು ಸಲ ನುಂಗಿದ ಮೇಲೆ ಇನ್ನೊಂದು ಸಲ ಬರಿದೇ ನುಂಗಿಸಿ, ಆಮೇಲೆ ಮುಂದಿನ ಚಮಚ. ಊಟವಾಗಿ ಅರ್ಧ ಗಂಟೆ ಮಲಗಿಸುವಂತಿಲ್ಲ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಇಷ್ಟೆಲ್ಲ ಮಾಡಿಯೂ ಒಂದು ದಿನ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಈ ಕಾಯಿಲೆಯವರು ಹೆಚ್ಚಾಗಿ ಹೋಗುವ ದಾರಿ ಅದು, ನೋಡಿಕೊಂಡವರ ತಪ್ಪಲ್ಲ. ಅಣ್ಣ ಇದನ್ನು ಎರಡೆರಡು ಸಲ ಹೇಳಿದ. ದೊಡ್ಡವ್ವ ಕೇಳಿಸಿಕೊಂಡರು.

ನಾಲ್ಕನೇ ದಿನ: ಚಂದ್ರವಳ್ಳಿ

ಕದಂಬರ ಮಯೂರಶರ್ಮನ ಶಾಸನ, ಅಂಕಲಿ ಮಠದ ಕತ್ತಲೆ ಕೋಣೆಗಳು, ಬಂಡೆಗಳ ನಡುವೆ ಕೆರೆ. ಅಂಕಲಿ ಮಠದ ಒಳಗೆ ಟಾರ್ಚ್ ಇಲ್ಲದೆ ಹೋಗಬೇಡಿ. ಹೊರಗಿನ ಬೇಲಿಯಲ್ಲಿ ಹಬ್ಬಿದ್ದ ಬಳ್ಳಿಗೆ ಅಣ್ಣನ ಮೊಣಕೈ ತಾಗಿ ಉರಿತುರಿಕೆ ಹತ್ತಿಕೊಂಡಿತು. ನಸುಗುನ್ನಿ. ಕಾಯಿಯ ಮೇಲಿನ ಕಂದು ರೋಮ ಚುಚ್ಚಿ ಕೂರುತ್ತದೆ, ಉಜ್ಜಿದಷ್ಟೂ ಒಳಗಿಳಿಯುತ್ತದೆ. ಕುರಿ ಕಾಯುತ್ತಿದ್ದ ಅಜ್ಜ, "ಉಜ್ಜಬ್ಯಾಡಪ್ಪ, ಸಗಣಿ ಹಚ್ಚಿ ಒಣಗಿಸಿ ತೊಳಕ" ಅಂದ. ನಮ್ಮ ಹತ್ತಿರ ಗಾಯಕ್ಕೆ ಹಾಕುವ ಅಂಟುಪಟ್ಟಿ ಇತ್ತು, ಅದನ್ನೇ ಅಂಟಿಸಿ ಕಿತ್ತು ರೋಮ ತೆಗೆದು ಸೋಪಿನಲ್ಲಿ ತೊಳೆದೆವು. ದೊಡ್ಡಪ್ಪನ ಕಾಯಿಲೆ ಮಾತು ಬಂದಾಗ ಅಜ್ಜ ಇದರ ಬೀಜವೇ ನಡುಕಕ್ಕೆ ಔಷಧಿ ಅಂದ. ಅವನ ಮಾತಲ್ಲಿ ಹುರುಳಿದೆ: ನಸುಗುನ್ನಿ ಬೀಜದಲ್ಲಿ ಇರುವುದು ಮಾತ್ರೆಯಲ್ಲಿರುವ ಅದೇ ಲೆವೊಡೋಪಾ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಮಾತ್ರೆ ತಗೊಳ್ಳುತ್ತಿರುವವರು ಅದರ ಮೇಲೆ ಈ ಪುಡಿಯನ್ನೂ ತಿಂದರೆ ಡೋಸ್ ಮೀರಿ ಮೈ ತಾನೇ ತಾನಾಗಿ ಕುಣಿಯತೊಡಗುತ್ತದೆ, ಭ್ರಮೆಯೂ ಬರಬಹುದು. ಡಾಕ್ಟರಿಗೆ ಹೇಳದೆ ಮುಟ್ಟಬಾರದು.

ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಚಹಾದಂಗಡಿ. ಒಳಗೆ ಬೆಂಚಿನ ಮೇಲೆ ಅಂಗಡಿಯವರ ತಂದೆ ಕೂತಿದ್ದರು. ತೊಡೆ ಮೇಲಿಟ್ಟ ಕೈಗಳು ನಡುಗುತ್ತಿದ್ದವು, ಮುಖದಲ್ಲಿ ಚಲನೆ ಕಡಿಮೆ. ದೊಡ್ಡವ್ವ ಲೋಟ ಕೆಳಗಿಟ್ಟು ಕೇಳಿದರು, "ಸುಮ್ಮನೆ ಕುಂತಾಗ ನಡುಗ್ತಾವೋ, ಲೋಟ ಎತ್ತಿದಾಗಲೋ?"

"ಕುಂತಾಗಲೇ ಜಾಸ್ತಿ ಅಮ್ಮಾ. ವಯಸ್ಸಾತಲ್ಲ."

"ವಯಸ್ಸಂತ ಬಿಡಬ್ಯಾಡ್ರಿ. ಮೊದಲು ಒಂದೇ ಕೈಗೆ ಬಂತೋ, ಎರಡಕ್ಕೂ ಒಟ್ಟಿಗೆ ಬಂತೋ? ಬ್ಯಾರೆ ಯಾವ ಮಾತ್ರೆ ತಗಂತಾರೆ?"

ಎರಡೂ ಕೈಗೆ ಒಟ್ಟಿಗೆ. ಒಂದೂವರೆ ವರ್ಷದಿಂದ ದಿನಾ ತಲೆಸುತ್ತಿಗೆ ಒಂದು ಮಾತ್ರೆ, ಮೆಡಿಕಲ್ ಅಂಗಡಿಯಿಂದ ತಂದದ್ದು. ಒಳಗಿನಿಂದ ಪಟ್ಟಿ ತಂದು ತೋರಿಸಿದರು. ಹಿಂದೆ ಬರೆದಿದ್ದ ಹೆಸರು ಸಿನ್ನರಿಜಿನ್.

ದೊಡ್ಡವ್ವ ಅಣ್ಣನ ಕಡೆ ನೋಡಿದರು. ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ಹಾಲೊಪೆರಿಡಾಲ್, ಇವು ಮಿದುಳಿನಲ್ಲಿ ಡೋಪಮೈನ್ ಕೆಲಸಕ್ಕೆ ಅಡ್ಡ ನಿಂತು, ನೋಡಲು ಥೇಟು ಪಾರ್ಕಿನ್ಸನ್ನಿನಂತೆಯೇ ಇರುವ ತೊಂದರೆ ತರಬಲ್ಲವು. ವಯಸ್ಸಾದವರಲ್ಲಿ ಹೆಚ್ಚು. ದೊಡ್ಡಪ್ಪನ ಕಡತದ ಮೊದಲ ಪುಟದಲ್ಲೇ ಕೊಡಬಾರದ ಮಾತ್ರೆಗಳೆಂದು ಇವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸುತ್ತಿದ್ದರು.

"ಇದರಿಂದಲೇ ಅಂತ ನಾನು ಹೇಳಂಗಿಲ್ಲ, ನೀವಾಗೇ ಏನೂ ಬದಲಾಯಿಸಲೂಬ್ಯಾಡ್ರಿ. ಈ ವಾರದಾಗೇ ನರರೋಗದ ಡಾಕ್ಟರ ಹತ್ರ ಕರಕೊಂಡು ಹೋಗ್ರಿ. ಈ ಪಟ್ಟಿ ಕೈಯಾಗ ಹಿಡ್ಕೊಂಡೇ ಹೋಗ್ರಿ. ಎಷ್ಟು ದಿನದಿಂದ ತಗಂತಾರೆ, ನಡುಕ ಯಾವಾಗಿಂದ ಅಂತ ಬರಕೊಂಡು ಹೋಗ್ರಿ. ಇದರದ್ದೇ ಆಗಿದ್ರೆ, ಡಾಕ್ಟ್ರು ನಿಲ್ಲಿಸಿದ ಮೇಲೆ ಕೆಲವು ತಿಂಗಳಾಗ ಇಳೀಬಹುದು."

ಅಂಗಡಿಯವರು ಬಿಲ್ ಬರೆಯುವ ಪುಸ್ತಕದ ಹಿಂದೆ ತಾರೀಖುಗಳನ್ನು ಬರೆದುಕೊಳ್ಳತೊಡಗಿದರು. ಅಣ್ಣ ತನ್ನ ಫೋನ್ ನಂಬರನ್ನೂ ಕೆಳಗೆ ಬರೆದುಕೊಟ್ಟ. ಬೆಂಗಳೂರಿನ ಬಸ್ಸು ಮೂರು ಗಂಟೆಗೆ ಇತ್ತು. ಅದನ್ನು ಬಿಟ್ಟು ನಾಲ್ಕೂವರೆಯದನ್ನು ಹತ್ತಿದೆವು, ಏಕೆಂದರೆ ದೊಡ್ಡವ್ವ ಆ ಅಜ್ಜನಿಗೆ ಬೆಂಚಿನಿಂದ ಏಳುವುದನ್ನು ಹೇಳಿಕೊಡುತ್ತಿದ್ದರು: ಅಂಚಿಗೆ ಸರಿಯಿರಿ, ಪಾದ ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಮೊಣಕಾಲಿನಿಂದ ಆಚೆ ಬರುವಷ್ಟು ಬಾಗಿ, ಈಗ ನನ್ನ ಜತೆ ಎಣಿಸಿ, ಲಾಭ, ಎರಡು, ಮೂರು ಅಂದಾಗ ಏಳಿ.